ಒಂದೇ ಹೆಸರಿನ ಎರಡು ಹೊಟ್ಟೆ

"ಇದು ಗಡಿಗೆಪ್ಪನ ಹೊಟ್ಟಿ," ಎಂದರು ಡಾಕ್ಟರ್ ಬುರ್ಹಾನುದ್ದೀನ್, ಮೊದಲನೆಯ ಹಾಳೆಯ ಮೇಲೆ ಬೆರಳಿಟ್ಟು. ಬೆರಳು ಎರಡನೆಯ ಹಾಳೆಗೆ ಸರಿಯಿತು, ಅಲ್ಲೇ ನಿಂತಿತು. "ಇದೂ ಗಡಿಗೆಪ್ಪಂದೇ ಅಂತ ಬರದದ."

"ಬರದದ ಅಂದ್ರ?"

"ಬರಿಯಾಕ ಏನ್ ಮಿಯಾ, ನಿಮ್ಮ ಬೆನ್ನ ಮ್ಯಾಲ ನವಾಬ ಅಂತ ನಾ ಬರೀಬಹುದು. ನವಾಬ ಆಗಿಬಿಡ್ತೀರಾ?"

ಉರುಕುಂದಪ್ಪ ನಗಲಿಲ್ಲ. ವಿಮಾ ಕಂಪನಿಗಳಿಗೆ ತನಿಖೆ ಮಾಡಿಕೊಟ್ಟು ಹೊಟ್ಟೆ ಹೊರೆಯುವ ಈ ಬಿ.ಎ. ಪದವೀಧರನಿಗೆ ಸತ್ತವರ ಸುದ್ದಿಯೇ ಜೀವನ. ಬೇರೆಯವರ ಹೊಟ್ಟೆಯೊಳಗಿನದನ್ನು ಹೊರಗೆ ತೆಗೆಯುವುದು ಅವನ ಕಸುಬೂ ಹೌದು. ಆದರೆ ಹೀಗೆ ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಹೊಟ್ಟೆಯನ್ನು ಅವನು ನೋಡುತ್ತಿದ್ದುದು ಇದೇ ಮೊದಲು.

ಮೂರು ತಿಂಗಳ ಹಿಂದೆ ಮಾನ್ವಿ ಹತ್ತಿರದ ಕಾಲುವೆಯಲ್ಲಿ ಮುಖದ ಗುರುತು ಹತ್ತದ ಹೆಣವೊಂದು ಸಿಕ್ಕಿ, ದೇವದುರ್ಗದ ಗಡಿಗೆಪ್ಪನದೆಂದು ಅದನ್ನು ಮಣ್ಣು ಮಾಡಿಯಾಗಿತ್ತು. ಅವನ ಹೆಸರಿನಲ್ಲಿ ದೊಡ್ಡ ಮೊತ್ತದ ವಿಮೆಯೂ ಇತ್ತು. ಅವನ ಹೆಂಡತಿ ಚನ್ನಮಲ್ಲಮ್ಮ ಮಾತ್ರ "ಅದು ನನ್ನ ಗಂಡಂದಲ್ಲ" ಎಂದು ಕೈಬಳೆ ಒಡೆಯಗೊಡದೆ ಕೂತಿದ್ದಳು. ಉರುಕುಂದಪ್ಪನ ಕೋಣೆ ಹುಡುಕಿಕೊಂಡು ಬಂದವಳೂ ಅವಳೇ.

ಇವತ್ತು ಅಮಾವಾಸ್ಯೆ. ನಾಳೆ ಬೆಳಿಗ್ಗೆ ಮನೆತನದ ಹಿರಿಯರು ಬರುವವರಿದ್ದರು. ಅವಳು ಒಪ್ಪಲಿ, ಬಿಡಲಿ, ಬಳೆ ಒಡೆಸಿ ತಾಳಿ ತೆಗೆಸುವುದೆಂದು ತೀರ್ಮಾನವಾಗಿತ್ತು.

ಅವಳು ಈಗ ಹೊರಗಿನ ಬೆಂಚಿನ ಮೇಲಿದ್ದಳು. ನಾಲ್ಕು ಮಂದಿ ಕೂರುವ ಬೆಂಚು. ಮುತ್ತೈದೆಯೋ ವಿಧವೆಯೋ ಗೊತ್ತಾಗದವಳ ಪಕ್ಕ ಕೂರಲು ಮನಸ್ಸಾಗದೆ, ತಪಾಸಣೆಗೆ ಬಂದ ಬಸುರಿ ಹೆಂಗಸೊಬ್ಬಳು ಗೋಡೆಗೆ ಆನಿಕೊಂಡು ನಿಂತೇ ಇದ್ದಳು.

ಹಾಳೆಗಳು ಹೋದ ವರ್ಷ ಗಡಿಗೆಪ್ಪನ ಹೊಟ್ಟೆನೋವಿಗೆಂದು ಹೈದರಾಬಾದಿನಲ್ಲಿ ತೆಗೆಸಿದವು. ಸಿ.ಟಿ. ಸ್ಕ್ಯಾನ್. ನಮ್ಮ ಕಡೆಯವರು ಅದನ್ನು ಸಿಟಿ ಸ್ಕ್ಯಾನ್ ಎಂದೇ ತಿಳಿದಿದ್ದರು. ಸಿಟಿಗೆ ಹೋಗಿ ತೆಗೆಸುವ ಫೋಟೋ ಅಲ್ಲವೇ. ಸೌತೆಕಾಯಿ ಹೆಚ್ಚಿದ ಹಾಗೆ ಹೊಟ್ಟೆಯನ್ನು ಬಿಲ್ಲೆ ಬಿಲ್ಲೆಯಾಗಿ ತೋರಿಸುವ ಚಿತ್ರಗಳು. ಮೊದಲನೆಯ ಹಾಳೆ ಸಾದಾ. ಎರಡನೆಯದು ಮರುದಿನದ್ದು, ನರಕ್ಕೆ ಬಣ್ಣದ ಮದ್ದು ಏರಿಸಿ ತೆಗೆದದ್ದು.

ಹೆಣದ ತನಿಖೆಗೆ ಬಂದ ಇನ್‌ಸ್ಪೆಕ್ಟರು ಎರಡನೆಯದನ್ನಷ್ಟೇ ಒಯ್ದಿದ್ದರು. "ಬಣ್ಣದ್ದು ಇದ್ದಾಗ ಬ್ಲ್ಯಾಕ್ ಅಂಡ್ ವೈಟ್ ಯಾಕ ಬೇಕು?" ಬಿಚ್ಚಿ ನೋಡಿದರೆ ಅದೂ ಕಪ್ಪುಬಿಳುಪೇ. ಈಸ್ಟ್‌ಮನ್ ಕಲರ್ ಎಂದು ಟಿಕೆಟ್ ಕೊಂಡು ಒಳಗೆ ಹೋದವರ ಹಾಗೆ ಅವರ ಮುಖ ಸಪ್ಪಗಾಯಿತಂತೆ. ಆದರೂ ಕೆಲಸವಾಯಿತು. ಹೆಣದ ಸೊಂಟದ ಮೂಳೆಯಲ್ಲಿ ಹುಟ್ಟಿನಿಂದಲೇ ಬಂದ ಸಣ್ಣ ಸೀಳೊಂದು ಎಕ್ಸ್‌ರೇಯಲ್ಲಿ ಕಂಡಿತ್ತು. ಬಣ್ಣದ ಹಾಳೆಯಲ್ಲೂ ಅದೇ ಸೀಳು, ಅದೇ ಜಾಗ. ಕೇಸು ಮುಚ್ಚಿತು, ಕುಣಿಯೂ ಮುಚ್ಚಿತು.

ಸಾದಾ ಹಾಳೆ ಚನ್ನಮಲ್ಲಮ್ಮನ ಟ್ರಂಕಿನಲ್ಲೇ ಉಳಿದಿತ್ತು. ಉರುಕುಂದಪ್ಪ ಬಣ್ಣದ್ದನ್ನು ಠಾಣೆಯಿಂದ ಬಿಡಿಸಿಕೊಂಡು ಬಂದಿದ್ದರಿಂದ, ಹೈದರಾಬಾದ್ ಬಿಟ್ಟ ಮೇಲೆ ಎರಡೂ ಇವತ್ತೇ ಮೊದಲ ಸಲ ಅಕ್ಕಪಕ್ಕ ನಿಂತಿದ್ದವು.

"ಸಾದಾದ್ರಾಗ ನೋಡ್ರಿ, ಬಲಗಡಿ ಕಿಡ್ನಿಯೊಳಗ ಕಲ್ಲು," ಎಂದರು ಡಾಕ್ಟರು. "ಬಣ್ಣದ್ರಾಗ ಕಲ್ಲಿಲ್ಲ."

"ಒಂದು ದಿನದಾಗ ಕರಗಿತೇನ್ರಿ?"

"ಅಲ್ಲೇ ಎಲ್ಲಾರೂ ಮೋಸ ಹೋಗಿದ್ದು. ಹೆಸರಿಗಷ್ಟೇ ಬಣ್ಣ ಅದು, ಫೋಟೋದಾಗ ಬೆಳ್ಳಗ ಬರ್ತದ. ಕಲ್ಲೂ ಬಿಳಿ, ಬಣ್ಣಾನೂ ಬಿಳಿ. ಕಿಡ್ನಿ ತುಂಬ ಬಣ್ಣ ನಿಂತಾಗ ಕಲ್ಲು ಅದರಾಗ ಮುಳುಗಿ ಹೋಗ್ತದ. ಹೈದರಾಬಾದಿನವರೂ ಹಂಗಂದ್ಕೊಂಡು ಬಿಟ್ಟಾರ. ನಾನಿದ್ರೂ ಬಿಡ್ತಿದ್ದೆ."

"ಈಗ ಯಾಕ ಬಿಡಾಕತ್ತಿಲ್ಲ?"

"ಎಲುಬು, ಮಿಯಾ. ಬಣ್ಣ ರಕ್ತದ ಕೂಡ ಓಡಾಡ್ತದ, ಎಲುಬು ಸೀಳಂಗಿಲ್ಲ. ಬಣ್ಣದ ಹಾಳ್ಯಾಗ ಸೀಳು ಅದ. ಸಾದಾ ಹಾಳ್ಯಾಗ ಅದೇ ಎಲುಬು ನೋಡ್ರಿ, ಇಡೀ ಅದ. ಇವು ಇಬ್ಬರ ಹೊಟ್ಟಿ."

ಉರುಕುಂದಪ್ಪನ ಕಣ್ಣು ಬೇರೆ ಕಡೆ ಹೋಗಿತ್ತು. ಸಾದಾ ಹಾಳೆಯ ಕೆಳಗಿನ ಬಿಲ್ಲೆಗಳಲ್ಲಿ ಸೊಂಟದ ಸುತ್ತ ಬಿಳಿ ಗೆರೆಗಳು ಸೂಜಿಯ ಹಾಗೆ ಸಿಡಿದಿದ್ದವು. "ಇದೇನ್ರಿ, ಮಿಂಚು ಹೊಡದಂಗ?"

"ಲೋಹ. ಬೆಳ್ಳಿ ಉಡದಾರ ಇರಬೇಕು. ಬಣ್ಣದ ದಿನ ಇಲ್ಲ. ತೆಗಿಸಿರ್ತಾರ."

ಉರುಕುಂದಪ್ಪ ಹೊರಗೆ ಬಂದು ಬೆಂಚಿನ ಖಾಲಿ ತುದಿಯಲ್ಲಿ ಕೂತ.

"ಯವ್ವಾ, ಗಡಿಗೆಪ್ಪನವರ ಉಡದಾರ ಬೆಳ್ಳೀದೇನು?"

"ಹೌದ್ರಿ. ನಮ್ಮತ್ತಿ ಕಟ್ಟಿದ್ದು."

"ಯಾವಾಗರೆ ಬಿಚ್ಚತಿದ್ರೇನು?"

"ಜಳಕದಾಗೂ ಇಲ್ಲ. ಉಡದಾರ ಹರಿಯೂದು ಹೆಣದ್ದು, ಜೀವಂತ ಇದ್ದಾಂವ ಯಾಕ ಬಿಚ್ಚಬೇಕು ಅಂತಿದ್ರು."

"ಕಾಲುವಿ ಹೆಣದ ಮ್ಯಾಲ ಏನೇನಿತ್ತು?"

"ಅಂಗಿ ಇವರದೇ. ವಾಚೂ ಇವರದೇ. ಉಡದಾರ ಇರಲಿಲ್ಲ. ಕಳ್ಳರು ಬಿಚ್ಚಿಕೊಂಡಾರ ಅಂದ್ರು ಪೊಲೀಸ್ರು."

ಕೈಗಡಿಯಾರ ಬಿಟ್ಟು, ಸೊಂಟ ತಡವಿ, ಉಡದಾರ ಬಿಚ್ಚುವ ಕಳ್ಳ! ಅಂಥ ಸಮಯಪ್ರಜ್ಞೆ ಇಲ್ಲದ ಕಳ್ಳನನ್ನು ಉರುಕುಂದಪ್ಪ ಕಂಡಿರಲಿಲ್ಲ. ಅವನು ಒಳಗೆ ತಿಳಿದದ್ದನ್ನು ಬಿಡಿಸಿ ಹೇಳಿದ. ಮೊದಲ ದಿನ ಮಲಗಿದ್ದವನು ಗಡಿಗೆಪ್ಪ. ಎರಡನೆಯ ದಿನ ಅವನ ಹೆಸರಿನಲ್ಲಿ ಮಲಗಿದ್ದವನು ಬೇರೊಬ್ಬ. ಮಣ್ಣಲ್ಲಿರುವುದು ಆ ಎರಡನೆಯವನು.

ಅವಳು ಅಳುತ್ತಾಳೆ ಅಥವಾ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದ. ಅವಳು ಸೆರಗು ಸರಿಮಾಡಿಕೊಂಡು ಕೇಳಿದ್ದು ಇಷ್ಟೇ: "ಡಾಕ್ಟ್ರು ಹಂಗಂತ ಬರದು ಕೊಡ್ತಾರೇನ್ರಿ?"

ಡಾಕ್ಟರು ಬರೆದು ಕೊಟ್ಟರು. ಕೊಡುವಾಗ ಉರುಕುಂದಪ್ಪನನ್ನು ಪಕ್ಕಕ್ಕೆ ಕರೆದು, "ಹಿರೇರು ಕಾಗದಕ್ಕ ಬಗ್ಗಂಗಿಲ್ಲ. ಎರಡನೇದಾಂವ ಯಾರಂತ ಹುಡುಕ್ರಿ," ಎಂದರು. "ಒಂದು ನೆನಪಿಟ್ಕೋರಿ. ಬಣ್ಣ ಏರಿಸಿಕೊಂಡಾಂವ ಅದನ್ನ ಮರಿಯಂಗಿಲ್ಲ. ಗಂಟಲಿಂದ ಹಿಡಿದು ಕೆಳತನಕ ಬಿಸಿ ಬಿಸಿ ಹರೀತದ. ಉಚ್ಚಿ ಹೊಯ್ಕೊಂಡೆ ಅಂದ್ಕೊಂಡು ಭಾಳ ಮಂದಿ ಕೆಳಗ ಕೈ ಹಾಕಿ ನೋಡ್ಕೋತಾರ."

* * *

ದೇವದುರ್ಗದ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದಿನ ಚಕ್ರದ ಮೇಲೆ. ರಸ್ತೆಯ ಗುಂಡಿಗಳು ಅವನ ಹೊಟ್ಟೆಯನ್ನೂ ಬಿಲ್ಲೆ ಬಿಲ್ಲೆ ಮಾಡಿದವು.

ಉರುಕುಂದಪ್ಪನಿಗೆ ಒಂದು ವಿದ್ಯೆ ಗೊತ್ತಿತ್ತು: ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಮಾತಾಡುತ್ತಿದ್ದ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದ್ದ. ಆಗ ನಕ್ಕವರೆಲ್ಲ ಈಗ ನೌಕರಿ ಹಿಡಿದು ಊರೂರಿಗೆ ಚದುರಿದ್ದರು. ಈಗ ಅವನು ಹತ್ತಿ ಗಿರಣಿಯ ಹಿಂದಿನ ತನ್ನ ಕೋಣೆಗೆ ಸಂಜೆ ಹೋಗಿ ಬೀಗ ತೆಗೆಯುವಾಗ, ಸತ್ತುಹೋದ ಅವ್ವನ ದನಿಯಲ್ಲಿ "ಬಂದ್ಯೇನಪಾ?" ಎಂದು ತಾನೇ ಕೇಳಿ, "ಬಂದೆ ಬೇ" ಎಂದು ತಾನೇ ಹೇಳುತ್ತಿದ್ದ. ಕೋಣೆ ತುಂಬ ಮಂದಿ. ಇರುವವನು ಒಬ್ಬ.

ನಿನ್ನೆ ಅವನು ಹೈದರಾಬಾದಿಗೆ ಟ್ರಂಕ್ ಕಾಲ್ ಹಾಕಿ, ದೊಡ್ಡ ಡಾಕ್ಟರ ಗತ್ತಿನಲ್ಲಿ ಆ ಸ್ಕ್ಯಾನ್ ಮಶೀನು ನಡೆಸುವವನನ್ನು ಮಾತಾಡಿಸಿದ್ದ. ಗಡಿಗೆಪ್ಪನ ಹೆಸರು ಆ ಮನುಷ್ಯನಿಗೆ ನೆನಪಿರಲಿಲ್ಲ. ಉರುಕುಂದಪ್ಪನಿಗೆ ಸಿಕ್ಕಿದ್ದು ಅವನ ದನಿ, ಮಾತಿನ ನಡುವೆ ಮಶೀನಿನೊಳಗಿದ್ದವನಿಗೆ ಉಸಿರು ಹಿಡಿ, ಬಿಡು ಎಂದು ಅವನು ಕೂಗುತ್ತಿದ್ದುದು, ಅಷ್ಟೇ.

ಗಬ್ಬೂರು ದಾಟಿದ ಮೇಲೆ ಎರಡೂ ಕಡೆ ಹತ್ತಿ ಬಿಡಿಸಿದ ಹೊಲಗಳು, ಒಣಗಿದ ಗಿಡಗಳು, ಮನುಷ್ಯರಿಲ್ಲ. ಅವನು ಮಣ್ಣಲ್ಲಿ ಮಲಗಿದ್ದವನ ಬಗ್ಗೆ ಯೋಚಿಸಿದ. ಬೇರೆಯವನ ಅಂಗಿ, ಬೇರೆಯವನ ವಾಚು, ಬೇರೆಯವನ ಹೆಸರು. ಮೂರು ತಿಂಗಳಾದರೂ "ನಮ್ಮ ಹುಡುಗ ಎಲ್ಲಿ?" ಎಂದು ಒಂದು ನರಪಿಳ್ಳೆಯೂ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ. ಕಾಣೆಯಾದದ್ದೇ ಯಾರಿಗೂ ಕಾಣದ ಮನುಷ್ಯ.

* * *

ಗಡಿಗೆಪ್ಪನ ತಮ್ಮ ಮುದುಕಪ್ಪ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ. ಹೆಸರಿಗೆ ಮುದುಕ, ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಹೆಣವನ್ನು "ನಮ್ಮಣ್ಣಂದೇ" ಎಂದು ಹೇಳಿ ಹೆಬ್ಬೆಟ್ಟು ಒತ್ತಿದವನು ಅವನೇ.

ಚನ್ನಮಲ್ಲಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬೀಸುವ ಕಲ್ಲಿನ ಸದ್ದು ಶುರುವಾಯಿತು.

"ಯಾವೂರು ನಿಮ್ದು? ಯಾರ ಪೈಕಿ?" ಎಂದ ಮುದುಕಪ್ಪ, ಚಾಪೆ ಕೈಯಲ್ಲಿ ಹಿಡಿದು.

ಉರುಕುಂದಪ್ಪ ಹೇಳಿದ. ಪಡಸಾಲೆಯ ಕಡೆ ಹೊರಟಿದ್ದ ಚಾಪೆ ಹೊರಗಿನ ಕಟ್ಟೆಯ ಮೇಲೆಯೇ ಬಿತ್ತು. ಎಲ್ಲರ ದನಿಯೊಳಗೂ ಹೊಕ್ಕು ಬರುವವನಿಗೆ ಕೆಲವರ ಹೊಸ್ತಿಲು ಮಾತ್ರ ದಾಟಲು ಬರುತ್ತಿರಲಿಲ್ಲ. ಅವನು ಚಾಪೆಯ ಮೇಲೆ ಕೂತು, ಒಂದು ಶೇಂಗಾ ತೆಗೆದುಕೊಂಡ.

"ಹೈದರಾಬಾದಿಗೆ ಅಣ್ಣನ ಕೂಡ ಯಾರ್ಯಾರು ಹೋಗಿದ್ರಿ?"

"ನಾನು, ಮತ್ತ..." ಮುದುಕಪ್ಪ ನಿಲ್ಲಿಸಿದ. "ನಾನೊಬ್ಬಾಂವ."

"ಎರಡೂ ದಿನ ಮಶೀನಿನಾಗ ಮಲಗಿದ್ದು ಗಡಿಗೆಪ್ಪನವರೇ?"

"ಮತ್ಯಾರು, ನಿಮ್ಮಪ್ಪನೇನು?"

"ನಮ್ಮಪ್ಪ ಕೂಲಿ ಮಾಡಿ ದಣಿದಾಂವ. ಮಲಗಿದ್ರ ಅಲ್ಲಿಂದ ಏಳ್ತಿರಲಿಲ್ಲ ಬಿಡ್ರಿ." ಉರುಕುಂದಪ್ಪ ಸಿಪ್ಪೆ ಊದಿದ. "ಮೊದಲ ದಿನದ ಫೋಟೋದಾಗ ಬೆಳ್ಳಿ ಉಡದಾರ ಅದ. ಮರುದಿನದ್ದರಾಗ ಇಲ್ಲ. ನಿಮ್ಮಣ್ಣ ಬಿಚ್ಚಿದ್ರೇನು?"

ಮುದುಕಪ್ಪನ ಕೈ ಶೇಂಗಾದ ಬುಟ್ಟಿಯಲ್ಲೇ ಉಳಿಯಿತು.

"ಫೋಟೋದಾಗ ಉಡದಾರಾನೂ ಕಾಣ್ತದೇನು?"

"ಬೆಳ್ಳಿ ಇದ್ರ ಕಾಣ್ತದ. ನೂಲಿನ ಉಡದಾರ ಇದ್ರ ಕಾಣಂಗಿಲ್ಲ."

ಮುದುಕಪ್ಪ ಒಮ್ಮೆ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅದೇ ಜಗಳ ಆತ್ರಿ ಅಲ್ಲಿ. ಬೆಳ್ಳಿ ಹೊಳೀತದ, ನಾಳೆ ಬಿಚ್ಚಿಟ್ಟು ಬರ್ರಿ ಅಂದ ಮಶೀನಿನಾಂವ. ಅಣ್ಣ ಒಲ್ಲೆ ಅಂದ. ಬದುಕಿದ್ದಾಗ ಉಡದಾರ ಬಿಚ್ಚಿ ಹೆಣ ಆಗ್ಲೇನು ಅಂದ. ರೊಕ್ಕ ಮೊದಲೇ ಕಟ್ಟಿದ್ವಿ. ಅದಕ್ಕ ನಾ ಮಲಗಿದೆ."

"ಅಣ್ಣನ ಹೊಟ್ಟಿನೋವಿಗೆ ನಿಮ್ಮ ಹೊಟ್ಟಿ ಫೋಟೋ?"

"ಹೆಸರು ಅಣ್ಣಂದೇ ಬರದ್ರಲ್ರಿ! ಹೆಸರು ಯಾರದೋ ಫೋಟೋ ಅವರದು."

ಅವನು ಇದನ್ನು ಕುಹಕದಿಂದ ಹೇಳಲಿಲ್ಲ. ರೇಷನ್ ಸಾಲಿನಲ್ಲಿ ಅಣ್ಣನ ಬದಲು ತಮ್ಮ ನಿಂತರೆ ಸಕ್ಕರೆ ಅಣ್ಣನ ಮನೆಗೇ ಬರುತ್ತದಲ್ಲ, ಇದೂ ಹಾಗೆಯೇ ಎಂಬ ನಂಬಿಕೆ ಅವನ ಮುಖದಲ್ಲಿತ್ತು.

"ಆತು," ಎಂದ ಉರುಕುಂದಪ್ಪ. "ಬಣ್ಣ ಏರಿಸಿದಾಗ ಹೆಂಗನಿಸ್ತು?"

"ಹೆಂಗ ಅಂದ್ರ... ತಣ್ಣಗ. ನೀರು ಏರಿಸಿದಂಗ."

"ತಣ್ಣಗ?"

"ಹೂಂ. ತಣ್ಣಗ."

ಉರುಕುಂದಪ್ಪ ಇನ್ನೊಂದು ಶೇಂಗಾ ಒಡೆದ. ಆಮೇಲೆ ತಲೆ ಎತ್ತದೆ, ಮೂಗಿನಿಂದ, ಪಾನ್ ತುಂಬಿದ ಬಾಯಿಯ ಹೈದರಾಬಾದಿ ದನಿಯೊಂದನ್ನು ಹೊರಗೆ ಬಿಟ್ಟ: "ಸಾಂಸ್ ಲೋ, ಚಚಾ... ರೋಕೋ... ರೋಕೋ ಬೋಲಾ ತೋ ರೋಕೋ ನಾ! ಹಾಂ, ಅಬ್ ಛೋಡೋ..."

ಮುದುಕಪ್ಪನ ಬಾಯಿ ತೆರೆಯಿತು. ಆ ಮಶೀನಿನವನೇ ಕಟ್ಟೆಗೆ ಬಂದು ಕೂತ ಹಾಗಿತ್ತು. ಮೂರು ತಿಂಗಳಿಂದ ಅತ್ತಂತೆ ಇಟ್ಟುಕೊಂಡಿದ್ದ ಮುಖ ಒಮ್ಮೆಲೇ ನಗೆಯಲ್ಲಿ ಸಡಿಲಾಯಿತು.

"ಹಂಗೇ! ಥೇಟ್ ಹಂಗೇ ಅಂತಿದ್ದ ನೋಡ್ರಿ! ಬಾಗಲ ಹೊರಗ ನಿಂತು ನಾವು ನಕ್ಕಿದ್ದೇ ನಕ್ಕಿದ್ದು. ಅಮರಗುಂಡ ಬಂದಾಂವನೇ ಧೋತರ ಹಿಂಡಿ ನೋಡ್ಕೋತಾನ, 'ಮಾವಾ, ಮೈಯಾಗ ಕಾದ ನೀರು ಬಿಟ್ರಪೋ, ಉಚ್ಚಿ ಹೊಯ್ಕೊಂಡೆ ಅಂದ್ಕೊಂಡಿದ್ದೆ' ಅಂತ..."

ನಗೆ ಅರ್ಧಕ್ಕೇ ಸತ್ತಿತು.

ಒಳಗೆ ಬೀಸುವ ಕಲ್ಲು ನಿಂತಿತು.

"ಅಮರಗುಂಡ ಅಂದ್ರ ಯಾರು?" ಎಂದ ಉರುಕುಂದಪ್ಪ.

ಉತ್ತರ ಬಂದದ್ದು ಹೊಸ್ತಿಲಿನಿಂದ.

"ನನ್ನ ತಮ್ಮ," ಎಂದಳು ಚನ್ನಮಲ್ಲಮ್ಮ. ಮೊಳಕೈವರೆಗೆ ಜೋಳದ ಹಿಟ್ಟು. "ಕಲ್ಲೂರಾಗ ಇದ್ದ, ಒಬ್ಬನೇ ತಮ್ಮ. ಅವ್ವ ಅಪ್ಪ ಇಲ್ಲ ಅಂತ ಇಲ್ಲೇ ಹೊಲದಾಗ ಇಟ್ಕೊಂಡಿದ್ವಿ. ಪುಣೆಕ ಕೆಲಸಕ್ಕ ಹೋಗ್ಯಾನ ಅಂದಿದ್ದಿ ನೀನು, ಮುದುಕಪ್ಪಾ."

"ಅಣ್ಣ ಹೇಳಿದ್ದ, ಅತ್ತಿಗಿ. ಅಣ್ಣ ಹೇಳಿದ್ದನ್ನ ನಾ ಹೇಳಿದೆ. ಯಾಕ, ಏನಾತೀಗ? ಫೋಟೋಕ್ಕ ಮಲಗಿದ್ದ, ಅಷ್ಟೇ. ನಮ್ಮ ಉಡದಾರನೂ ಬೆಳ್ಳೀದು, ನಾವು ಬಿಚ್ಚಂಗಿಲ್ಲ. ಅವಂದು ನೂಲಿಂದು ಇತ್ತು..."

ಅವನಿಗೆ ನಿಜವಾಗಿಯೂ ತಿಳಿದಿಲ್ಲವೇ, ತಿಳಿಯದವನ ಹಾಗೆ ಇದ್ದಾನೆಯೇ? ದನಿಗಳನ್ನು ಬಲ್ಲ ಉರುಕುಂದಪ್ಪನಿಗೂ ಈ ದನಿ ಸಿಗಲಿಲ್ಲ. ಅವನು ನಿಧಾನವಾಗಿ ಹೇಳಿದ: "ಮುದುಕಪ್ಪಾರ, ಪೊಲೀಸರು ಹೆಣದ ಎಲುಬು ತಾಳೆ ನೋಡಿದ್ದು ಎರಡನೇ ದಿನದ ಫೋಟೋಕ್ಕ. ಬಣ್ಣ ಏರಿಸಿಕೊಂಡಾಂವ ಯಾರೋ, ಮಣ್ಣಾಗ ಇರಾಂವ ಅವನೇ."

ಮುದುಕಪ್ಪ ಎದ್ದ. ಮಡಿಲಲ್ಲಿದ್ದ ಸಿಪ್ಪೆ ಚೆಲ್ಲಿತು. ಅತ್ತಿಗೆಯ ಮುಖ ನೋಡಲಿಲ್ಲ. "ಹಿರೇರನ್ನ ಕರೀತೀನಿ," ಎಂದೋ ಏನೋ ಗೊಣಗುತ್ತ ಓಣಿಯಲ್ಲಿ ಹೊರಟವನು, ಹಿರಿಯರ ಮನೆಗಳಿದ್ದ ಕಡೆ ಹೋಗದೆ ಬಸ್ ಸ್ಟ್ಯಾಂಡಿನ ಕಡೆ ತಿರುಗಿದ.

ಕಟ್ಟೆಯ ಮೇಲೆ ಉರುಕುಂದಪ್ಪ, ಹೊಸ್ತಿಲ ಒಳಗೆ ಚನ್ನಮಲ್ಲಮ್ಮ. ಏನಾದರೂ ಹೇಳಬೇಕೆಂದು ಅವನು, "ನಾಳೆ ನಿಮ್ಮ ಬಳಿ ಒಡಿಯಂಗಿಲ್ಲ, ಅಷ್ಟಾತು," ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ತಮ್ಮ ಸತ್ರ ಹೆಣ್ಣು ಒಡ್ಕೊಳ್ಳಾಕ ಏನೂ ಇರಂಗಿಲ್ರಿ," ಎಂದಳು ಅವಳು.

ಕೈಯ ಹಿಟ್ಟನ್ನು ಅವಳು ಉದುರಿಸಲಿಲ್ಲ. ಮೂರು ತಿಂಗಳು ಊರ ಮುಂದೆ ಹಟ ಹಿಡಿದು ನಿಂತಿದ್ದ ಹೆಂಗಸು ಈಗ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟಿದ್ದಳು. ಆಗ ಉರುಕುಂದಪ್ಪನಿಗೆ ಬೆಳಗಿನಿಂದ ಒಳಗೇ ಚುಚ್ಚುತ್ತಿದ್ದ ಪ್ರಶ್ನೆ ಬಾಯಿಗೆ ಬಂತು.

"ಯವ್ವಾ, ಗಂಡ ಬದುಕ್ಯಾನ ಅಂತ ಡಾಕ್ಟರ ಕಾಗದ ಸಿಕ್ಕಾಗ ನೀವು ಬೆರಗಾಗಲಿಲ್ಲ. ಮೊದಲ ದಿನ ನನ್ನ ಕೋಣಿಗೆ ಬಂದಾಗಲೂ 'ಇರಬಹುದು' ಅನ್ನಲಿಲ್ಲ, 'ಅದಾರ' ಅಂದ್ರಿ. ನಿಮಗ ಹೆಂಗ ಗೊತ್ತಿತ್ತು?"

ಓಣಿಯಲ್ಲಿ ಯಾರೂ ಇಲ್ಲವೆಂದು ಅವಳು ನೋಡಿಕೊಂಡಳು.

"ಮಣ್ಣು ಮಾಡಿದ ಮರುದಿನ ಹಿತ್ತಲ ಬಾಗಲಿಗೆ ಬಂದಿದ್ರು. ಯಾರ ಮುಂದೂ ಹೇಳಬ್ಯಾಡ ಅಂತ ತಾಳಿ ಮುಟ್ಟಿಸಿ ಆಣಿ ಹಾಕಿಸಿಕೊಂಡ್ರು. ಆವತ್ತಿಂದ ಅಮಾಸಿಗೊಮ್ಮೆ ಬರ್ತಾರ. ಬಾಯಿ ಬಿಡಂಗಿಲ್ಲ, ಬಳಿ ಒಡಿಯಾಕ ಬಿಡಂಗಿಲ್ಲ. ನಾ ಹೆಂಗ ಇರಬೇಕ್ರಿ? ಅದಕ್ಕ ಟ್ರಂಕಿನಾಗಿನ ಫೋಟೋ ತಂದು ನಿಮ್ಮ ಕೈಯಾಗ ಕೊಟ್ಟೆ. ಫೋಟೋಕ್ಕ ಆಣಿ ಇರಂಗಿಲ್ಲಲ್ಲ."

"ಆ ಹೆಣ ಯಾರದು ಅಂತ ಅವರನ್ನ ಕೇಳಲಿಲ್ಲೇನು?"

"ಕೇಳಿದೆ."

ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ಒಣಹಾಕಿದ ಮೆಣಸಿನಕಾಯಿ ಗುಡಿಸುತ್ತಿದ್ದರು. ಆ ಪೊರಕೆಯ ಸದ್ದು ನಿಲ್ಲುವವರೆಗೆ ಅವಳು ಕಾದಳು.

"ಯಾರೋ ದಿಕ್ಕಿಲ್ಲದಾಂವ ಅಂದ್ರು. ಹುಡುಕ್ಕೊಂಡು ಬರವರು ಯಾರೂ ಇಲ್ಲ ಅಂದ್ರು. ನಾನೂ, ಇರಬಹುದು ಬಿಡು ಅಂತ ಸುಮ್ಮನಾದೆ. ಅವರಿಗೆ ಉಣ್ಣಾಕ ನೀಡಿ, ಎಲಿ ಅಡಿಕಿ ಕೊಟ್ಟು ಕಳಿಸಿದೆ."

ಬಿಸಿಲು ಇಳಿಯುತ್ತಿತ್ತು. ಉರುಕುಂದಪ್ಪ ಚಾಪೆಯಿಂದ ಎದ್ದ.

"ಇವತ್ತು ಅಮಾಸಿ," ಎಂದ ಅವನು.

"ಹೌದ್ರಿ."

"ನಾ ಈಗಲೇ ಹೋಗಿ ಪೊಲೀಸರನ್ನ..."

"ನಾಳೆ ಕರ್ಕೊಂಡು ಬರ್ರಿ. ಹಿರೇರೂ ಬರವರದಾರ. ಎಲ್ಲಾರೂ ಕೂಡೇ ಬರ್ರಿ."

ಅವಳು ಹಿಂದೆ ಸರಿದಳು. ಬಾಗಿಲು ಮುಚ್ಚಿತು, ಒಳಗಿನಿಂದ ಅಗಳಿ ಬಿತ್ತು. ಬೀಸುವ ಕಲ್ಲು ಮತ್ತೆ ತಿರುಗತೊಡಗಿತು, ಈ ಸಲ ಬಹಳ ನಿಧಾನವಾಗಿ.

ಉರುಕುಂದಪ್ಪ ಬಾಗಿಲು ಬಡಿದ. ತನ್ನ ದನಿಯಲ್ಲಿ ಕರೆದ. ಬುರ್ಹಾನುದ್ದೀನ್ ಡಾಕ್ಟರ ದನಿಯಲ್ಲಿ ಕರೆದ. ಮುದುಕಪ್ಪನ ದನಿಯಲ್ಲಿ "ಅತ್ತಿಗೀ" ಎಂದ. ಇವತ್ತು ಆ ಬಾಗಿಲನ್ನು ತೆರೆಸುವ ದನಿ ಗಡಿಗೆಪ್ಪನದೊಂದೇ, ಅದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

"ಯವ್ವಾ, ದುಡುಕಬ್ಯಾಡ್ರಿ! ಬಾಗಲಾ ತೆಗೀರಿ!"

ಕಲ್ಲು ನಿಂತಿತು. ಬಾಗಿಲಿನ ಆಚೆಯಿಂದ, ತೀರ ಹತ್ತಿರದಿಂದ, ಅವಳ ದನಿ ಬಂತು.

"ಹಿರೇರು ಬಂದ್ರ ಬಾಗಲ ಮುಂದ ಕುಂದ್ರಿಸ್ರಿ, ಯಣ್ಣಾ. ಬಳಿ ಒಡೀಬೇಕೋ ಬ್ಯಾಡೋ, ನಾಳೆ ಮುಂಜಾನೆ ನಾನೇ ಹೇಳ್ತೀನಿ."